ತಂತಿ ಮಾತನಾಡಿದ ದಿನ

ಕ್ರಿ.ಶ. 1876ನೆಯ ಇಸವಿ, ಜೂನ್ ತಿಂಗಳ 25ನೆಯ ತಾರೀಖು, ಭಾನುವಾರ. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಬೇಸಗೆಯ ಬಿಸಿಲು ಕಾಯುತ್ತಿತ್ತು. ಊರ ಹೊರಗಿನ ವಿಶಾಲವಾದ ಉದ್ಯಾನದಲ್ಲಿ ಒಂದೂವರೆ ತಿಂಗಳಿನಿಂದ ಮಹಾ ವಸ್ತುಪ್ರದರ್ಶನವೊಂದು ನಡೆಯುತ್ತಿತ್ತು. ಉಳಿದ ದಿನಗಳಲ್ಲಿ ಜನಜಂಗುಳಿಯಿಂದ ಗಿಜಿಗುಟ್ಟುತ್ತಿದ್ದ ಆ ಸ್ಥಳ ಅಂದು ನಿಶ್ಶಬ್ದವಾಗಿತ್ತು. ಭಾನುವಾರ ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಈ ನಿಶ್ಶಬ್ದದ ಅನುಕೂಲವನ್ನು ಪಡೆದು, ಪರೀಕ್ಷಕ ಮಂಡಲಿಯವರು ವಿದ್ಯುತ್ತಿಗೆ ಸಂಬಂಧಿಸಿದ ಹೊಸ ಉಪಕರಣಗಳನ್ನು ಒಂದೊಂದಾಗಿ ನೋಡುತ್ತ ಬರುತ್ತಿದ್ದರು. ಹಿರಿಯ ವಿಜ್ಞಾನಿಗಳು, ಅವರ ಜೊತೆಯಲ್ಲಿ ಒಂದು ದೇಶದ ಚಕ್ರವರ್ತಿ, ಅವನ ಪರಿವಾರ, ಅವರ ಹಿಂದೆ ತಮ್ಮ ತಮ್ಮ ಯಂತ್ರಗಳ ಸರದಿಗಾಗಿ ಕಾಯುವ ಉಪಜ್ಞೆಗಾರರು. ಇದು ಅಂದಿನ ಮೆರವಣಿಗೆ. ಅದರ ಕೊನೆಯಲ್ಲಿ ಇಪ್ಪತ್ತೊಂಬತ್ತು ವಯಸ್ಸಿನ ಒಬ್ಬ ಶಾಲಾಮಾಸ್ತರನಿದ್ದನು. ಅವನ ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್.

ಅಮೆರಿಕ ಸಂಯುಕ್ತ ಸಂಸ್ಥಾನಗಳು ಸ್ವಾತಂತ್ರ್ಯವನ್ನು ಘೋಷಿಸಿ ಅಂದಿಗೆ ನೂರು ವರ್ಷಗಳು ತುಂಬುವುದರಲ್ಲಿದ್ದವು. ಆ ನೆನಪಿಗಾಗಿ ಏರ್ಪಡಿಸಿದ್ದ ಈ ಪ್ರದರ್ಶನವು ಮೇ 10ರಂದು ಆರಂಭವಾಗಿ ನವೆಂಬರ್ 10ರಂದು ಮುಗಿಯಿತು. ಈ ಆರು ತಿಂಗಳಲ್ಲಿ ಸುಮಾರು ಒಂದು ಕೋಟಿ ಸಲ ಅದರ ಬಾಗಿಲುಗಳನ್ನು ಜನರು ದಾಟಿದರು. ಅದರ ಮುಖ್ಯ ಕಟ್ಟಡ ಒಂದೇ 1,880 ಅಡಿ ಉದ್ದವಾಗಿತ್ತು. ಯಂತ್ರಶಾಲೆಯ ನಡುವೆ ಕಾರ್ಲಿಸ್ ಎಂಬುವನು ನಿರ್ಮಿಸಿದ ಉಗಿಯಂತ್ರವೊಂದು ಮೂರು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರಕ್ಕೆ ನಿಂತಿತ್ತು. 1,400 ಅಶ್ವಶಕ್ತಿಯ ಆ ದೈತ್ಯನೊಬ್ಬನೇ ಶಾಲೆಯ ನೂರಾರು ಯಂತ್ರಗಳನ್ನು ತಿರುಗಿಸುತ್ತಿದ್ದನು. ಆರಂಭದ ದಿನ ಅದನ್ನು ಚಾಲನೆ ಮಾಡಿದವರು ಇಬ್ಬರು: ಅಮೆರಿಕದ ಅಧ್ಯಕ್ಷ ಗ್ರಾಂಟ್ ಮತ್ತು ಬ್ರೆಜಿಲ್ ದೇಶದ ಚಕ್ರವರ್ತಿ ಎರಡನೆಯ ಡಾಂ ಪೆಡ್ರೊ. ಬೆರಳಚ್ಚು ಯಂತ್ರ, ಎಡಿಸನ್ನನ ವಿದ್ಯುತ್ ಲೇಖನಿ ಮೊದಲಾದ ಹೊಸ ಹೊಸ ವಸ್ತುಗಳನ್ನು ಜನರು ಬಾಯಿ ತೆರೆದು ನೋಡುತ್ತಿದ್ದರು. ಇಷ್ಟೆಲ್ಲದರ ನಡುವೆ ಬೆಲ್‌ನ ಉಪಕರಣಗಳು ಇದ್ದುದಾದರೂ ಎಲ್ಲಿ? ವಿದ್ಯುದ್ಯಂತ್ರಗಳ ಸಾಲಿನಲ್ಲಿ ಅಲ್ಲ. ಮುಖ್ಯ ಕಟ್ಟಡದ ಮಹಡಿಯ ಮೊಗಸಾಲೆಯಲ್ಲಿ, ಮಸಾಚುಸೆಟ್ಸ್ ಸಂಸ್ಥಾನದ ಶಿಕ್ಷಣ ವಿಭಾಗದಲ್ಲಿ, ಶಾಲೆಗಳ ಪುಸ್ತಕಗಳು ಮತ್ತು ಪಾಠೋಪಕರಣಗಳ ಮಧ್ಯೆ ಅವನ್ನು ಇರಿಸಲಾಗಿತ್ತು. ಮೆಟ್ಟಿಲು ಹತ್ತಿ ಅಲ್ಲಿಗೆ ಬರುವವರು ವಿರಳ. ಬಂದವರಿಗೂ ಅಲ್ಲಿ ಕಾಣುತ್ತಿದ್ದುದು ಮರದ ಹಲಗೆಯ ಮೇಲಿನ ಕೆಲವು ತಂತಿಯ ಸುರುಳಿಗಳು, ಒಂದು ಚಿಕ್ಕ ಕಬ್ಬಿಣದ ಡಬ್ಬಿ. ಕಾರ್ಲಿಸ್ ಯಂತ್ರದ ಗರ್ಜನೆಯನ್ನು ಕೇಳಿ ಬಂದ ಕಿವಿಗೆ ಇವು ಏನು ಹೇಳಬಲ್ಲವು?

ಬೆಲ್ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1847ರಲ್ಲಿ ಹುಟ್ಟಿದನು. ಅವನ ತಂದೆ ಉಚ್ಚಾರಣ ಶಾಸ್ತ್ರದಲ್ಲಿ ಪಂಡಿತ. ಮಾತನಾಡುವಾಗ ನಾಲಗೆ, ತುಟಿ, ಗಂಟಲುಗಳು ಯಾವ ಯಾವ ರೀತಿಯಲ್ಲಿ ನಿಲ್ಲುತ್ತವೆ ಎಂಬುದನ್ನು ಚಿಹ್ನೆಗಳಿಂದ ಬರೆದು ತೋರಿಸುವ ಒಂದು ಲಿಪಿಯನ್ನೇ ಆತ ರಚಿಸಿದ್ದನು. ತಾಯಿಗೆ ಕಿವಿ ಬಹಳ ಮಂದ. ಹೀಗೆ ಧ್ವನಿಯ ವಿದ್ಯೆ ಒಂದು ಕಡೆ, ಧ್ವನಿಯ ಅಭಾವ ಇನ್ನೊಂದು ಕಡೆ ಇದ್ದ ಮನೆಯಲ್ಲಿ ಬೆಲ್ ಬೆಳೆದನು. ಅವನ ಇಬ್ಬರು ಸಹೋದರರು ಕ್ಷಯರೋಗದಿಂದ ತೀರಿಕೊಂಡ ಮೇಲೆ, ಉಳಿದ ಒಬ್ಬ ಮಗನನ್ನಾದರೂ ಉಳಿಸಿಕೊಳ್ಳಬೇಕೆಂದು ತಂದೆತಾಯಿಗಳು 1870ರಲ್ಲಿ ಕೆನಡಾ ದೇಶಕ್ಕೆ ಹೋದರು. ಮರುವರ್ಷ ಬೆಲ್ ಬಾಸ್ಟನ್ ನಗರಕ್ಕೆ ಬಂದು ಕಿವುಡ ಮಕ್ಕಳಿಗೆ ಮಾತು ಕಲಿಸುವ ಉಪಾಧ್ಯಾಯನಾದನು. ತಮ್ಮ ಧ್ವನಿಯನ್ನು ತಾವೇ ಕೇಳಲಾರದ ಮಕ್ಕಳಿಗೆ ಮಾತು ಕಲಿಸುವುದೆಂದರೆ ಸಾಮಾನ್ಯ ಕೆಲಸವಲ್ಲ. ಅದಕ್ಕೆ ಬೇಕಾದ ತಾಳ್ಮೆ ಅವನಲ್ಲಿತ್ತು. ಅವನಲ್ಲಿ ಪಾಠ ಹೇಳಿಸಿಕೊಂಡವರಲ್ಲಿ ಮೇಬೆಲ್ ಹಬ್ಬರ್ಡ್ ಒಬ್ಬಳು. ಐದನೆಯ ವಯಸ್ಸಿನಲ್ಲಿ ಬಂದ ಕೆಂಪುಜ್ವರದಿಂದ ಅವಳ ಕಿವಿಗಳು ಪೂರ್ತಿಯಾಗಿ ಹೋಗಿದ್ದವು. ಎದುರಿಗಿದ್ದವರ ತುಟಿಗಳ ಚಲನೆಯನ್ನು ನೋಡಿ ಮಾತನ್ನು ತಿಳಿಯುವುದರಲ್ಲಿ ಅವಳು ಬಹು ಜಾಣೆ. 1875ರ ನವೆಂಬರಿನಲ್ಲಿ ಬೆಲ್‌ಗೂ ಅವಳಿಗೂ ವಿವಾಹ ನಿಶ್ಚಯವಾಯಿತು.

ಹಗಲು ಪಾಠ, ರಾತ್ರಿ ಪ್ರಯೋಗ. ಹೀಗೆ ಬೆಲ್‌ನ ದಿನಗಳು ಸಾಗುತ್ತಿದ್ದವು. ಒಂದೇ ತಂತಿಯ ಮೇಲೆ ಏಕಕಾಲದಲ್ಲಿ ಹಲವು ಸಂದೇಶಗಳನ್ನು ಕಳುಹಿಸುವ ಉಪಾಯವನ್ನು ಅವನು ಹುಡುಕುತ್ತಿದ್ದನು. ಅದಕ್ಕೆ ಹಣ ಕೊಡುತ್ತಿದ್ದವರಲ್ಲಿ ಮೇಬೆಲ್‌ಳ ತಂದೆ ಗಾರ್ಡಿನರ್ ಹಬ್ಬರ್ಡ್ ಒಬ್ಬನು. ಆದರೆ ಬೆಲ್‌ನ ಮನಸ್ಸು ಬೇರೊಂದು ಕಡೆಗೆ ಹರಿಯುತ್ತಿತ್ತು. ಸಂದೇಶವೇಕೆ, ಮನುಷ್ಯನ ಧ್ವನಿಯೇ ತಂತಿಯ ಮೇಲೆ ಹೋಗಬಾರದೇಕೆ? 1875ರಲ್ಲಿ ಅವನು ಜೋಸೆಫ್ ಹೆನ್ರಿ ಎಂಬ ವೃದ್ಧ ವಿಜ್ಞಾನಿಯನ್ನು ಕಂಡು ತನ್ನ ಯೋಚನೆಯನ್ನು ಹೇಳಿ, ಇದನ್ನು ಸಾಧಿಸುವಷ್ಟು ವಿದ್ಯುತ್ತಿನ ಜ್ಞಾನ ತನಗಿಲ್ಲವೆಂದು ಒಪ್ಪಿಕೊಂಡನು. ಹಾಗಾದರೆ ಆ ಜ್ಞಾನವನ್ನು ಸಂಪಾದಿಸು ಎಂದು ಹೆನ್ರಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟನು. ಬೆನ್ನು ತಟ್ಟುವ ನೂರು ಮಾತುಗಳಿಗಿಂತ ಈ ಗದರಿಕೆಯೇ ಅವನಿಗೆ ಹೆಚ್ಚು ಉಪಕಾರ ಮಾಡಿತೆಂದು ತೋರುತ್ತದೆ. ಅದೇ ವರ್ಷದ ಜೂನ್ 2ರಂದು ಅವನ ಸಹಾಯಕ ಥಾಮಸ್ ವಾಟ್ಸನ್ ಒಂದು ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ಉಕ್ಕಿನ ಪಟ್ಟಿಯೊಂದನ್ನು ಮೀಟಿದಾಗ, ಇನ್ನೊಂದು ಕೋಣೆಯಲ್ಲಿದ್ದ ಬೆಲ್‌ಗೆ ಅದರ ಝೇಂಕಾರ ತಂತಿಯ ಮೂಲಕ ಕೇಳಿಸಿತು. 1876ರ ಮಾರ್ಚ್ 7ರಂದು ಅವನಿಗೆ ಉಪಜ್ಞೆಯ ಹಕ್ಕುಪತ್ರ ದೊರೆಯಿತು. ಅದಾದ ಮೂರನೆಯ ದಿನ, ಪಕ್ಕದ ಕೋಣೆಯಲ್ಲಿದ್ದ ವಾಟ್ಸನ್ನನನ್ನು ಅವನು ಯಂತ್ರದ ಮುಖಾಂತರ ಕರೆದನು. ವಾಟ್ಸನ್ ಆ ಮಾತನ್ನು ಕೇಳಿ ಓಡಿಬಂದನು.

ಈ ಉಪಕರಣವು ಕೆಲಸಮಾಡುವ ಬಗೆಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ಆ ಕಾಲದ ತಂತಿ ಯಂತ್ರದಲ್ಲಿ ವಿದ್ಯುತ್ಪ್ರವಾಹವನ್ನು ಹರಿಸುವುದು, ತಡೆಯುವುದು ಎಂಬ ಎರಡೇ ಕ್ರಿಯೆಗಳಿದ್ದವು. ಬಾಗಿಲನ್ನು ತಟ್ಟಿದ ಹಾಗೆ ಕಟ್ ಕಟ್ ಎಂಬ ಸದ್ದುಗಳ ಲೆಕ್ಕದಿಂದಲೇ ಅಕ್ಷರಗಳನ್ನು ತಿಳಿಯಬೇಕು. ಮಾತು ಹಾಗಲ್ಲ. ಅದು ಗಾಳಿಯಲ್ಲಿ ಏಳುವ, ಬೀಳುವ, ಒಂದರೊಳಗೊಂದು ಬೆರೆಯುವ ಅಲೆಗಳ ಸಮೂಹ. ಬಾಗಿಲು ತಟ್ಟಿ ವೀಣೆಯ ಗಮಕವನ್ನು ತೋರಿಸಲಾದೀತೆ? ಧ್ವನಿಯ ಅಲೆಗಳು ಹೇಗೆ ಏರಿಳಿಯುತ್ತವೆಯೋ ಹಾಗೆಯೇ ವಿದ್ಯುತ್ಪ್ರವಾಹವೂ ಕಡಿಯದೆ ಏರಿಳಿಯಬೇಕು ಎಂಬುದು ಬೆಲ್ ಹಿಡಿದ ಸೂತ್ರ. ಇದಕ್ಕಾಗಿ ಅವನು ಒಂದು ಕೊಳವೆಯ ಬಾಯಿಗೆ ಮೃದಂಗದ ಮುಚ್ಚಿಗೆಯಂತೆ ತೆಳುವಾದ ಪೊರೆಯನ್ನು ಬಿಗಿದನು. ಪೊರೆಗೆ ಸಣ್ಣ ಕಬ್ಬಿಣದ ಚೂರೊಂದನ್ನು ಅಂಟಿಸಿ ಅದರ ಎದುರಿಗೆ ವಿದ್ಯುದಯಸ್ಕಾಂತವನ್ನು ನಿಲ್ಲಿಸಿದನು. ಕೊಳವೆಯೊಳಗೆ ಮಾತನಾಡಿದರೆ ಪೊರೆ ಕಂಪಿಸುತ್ತದೆ. ಅದರೊಡನೆ ಕಬ್ಬಿಣದ ಚೂರು ಅಯಸ್ಕಾಂತದ ಹತ್ತಿರಕ್ಕೂ ದೂರಕ್ಕೂ ಆಡುತ್ತದೆ. ಅಯಸ್ಕಾಂತದ ಸುರುಳಿಯಲ್ಲಿ ಅದಕ್ಕೆ ತಕ್ಕ ಹಾಗೆ ವಿದ್ಯುತ್ತು ಏರಿಳಿಯುತ್ತದೆ. ಅಯಸ್ಕಾಂತದ ಪ್ರಭಾವವು ಬದಲಾಗುತ್ತಿದ್ದರೆ ಬಳಿಯ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ಮೈಕೇಲ್ ಫ್ಯಾರಡೆ 1831ರಲ್ಲಿಯೇ ತೋರಿಸಿಕೊಟ್ಟಿದ್ದನು. ತಂತಿಯ ಇನ್ನೊಂದು ಕೊನೆಯಲ್ಲಿ ಕಬ್ಬಿಣದ ಡಬ್ಬಿ. ಅದರೊಳಗೆ ಮತ್ತೊಂದು ವಿದ್ಯುದಯಸ್ಕಾಂತ, ಮೇಲೆ ತೆಳುವಾದ ಕಬ್ಬಿಣದ ಮುಚ್ಚಳ. ಬಂದ ಪ್ರವಾಹ ಏರಿಳಿದಂತೆ ಅಯಸ್ಕಾಂತವು ಮುಚ್ಚಳವನ್ನು ಹೆಚ್ಚಾಗಿಯೂ ಕಡಮೆಯಾಗಿಯೂ ಸೆಳೆಯುತ್ತದೆ. ಮುಚ್ಚಳ ಕಂಪಿಸುತ್ತದೆ, ಗಾಳಿಯನ್ನು ಅಲುಗಿಸುತ್ತದೆ. ಈ ಕಡೆ ಬಾಯಿ ಆಡಿದ ಮಾತನ್ನು ಆ ಕಡೆ ಮುಚ್ಚಳ ಆಡುತ್ತದೆ. ದೂರವಾಣಿಯ ಮೂಲತತ್ವ ಇಷ್ಟೇ. ಇಷ್ಟು ಸರಳವಾದುದನ್ನು ಹೊಳೆಯಿಸಿಕೊಳ್ಳುವುದಕ್ಕೆ ಫ್ಯಾರಡೆಯಿಂದ ನಾಲ್ಕೂವರೆ ದಶಕಗಳು ಬೇಕಾದುವು.

ಇಂತಹ ವಸ್ತುವನ್ನು ಕೈಯಲ್ಲಿ ಹಿಡಿದಿದ್ದರೂ ಬೆಲ್‌ಗೆ ಫಿಲಡೆಲ್ಫಿಯಾಕ್ಕೆ ಹೋಗುವ ಮನಸ್ಸೇ ಇರಲಿಲ್ಲ. ಜೂನ್ ತಿಂಗಳು ಬಾಸ್ಟನ್ನಿನಲ್ಲಿ ಅವನ ವಿದ್ಯಾರ್ಥಿಗಳಿಗೆ ಪರೀಕ್ಷೆಯ ಕಾಲ. ಪರೀಕ್ಷೆಯ ಹೊತ್ತಿನಲ್ಲಿ ಉಪಾಧ್ಯಾಯನು ಊರು ಬಿಡುವುದು ಹೇಗೆ? ಮೇಬೆಲ್ ಮಾತ್ರ ಪಟ್ಟು ಹಿಡಿದಳು. ಅವನನ್ನು ರೈಲು ನಿಲ್ದಾಣದವರೆಗೆ ಕರೆದುಕೊಂಡು ಹೋದಳೆಂದೂ, ಅಲ್ಲಿಯೂ ಅವನು ಒಲ್ಲೆನೆಂದಾಗ ಕಣ್ಣೀರಿಟ್ಟಳೆಂದೂ, ಆ ಕಣ್ಣೀರನ್ನು ಕಂಡು ಅವನು ಗಾಡಿ ಹತ್ತಿದನೆಂದೂ ಹೇಳುತ್ತಾರೆ. ಅವಳು ಆ ಯಂತ್ರದಿಂದ ಒಂದು ಶಬ್ದವನ್ನೂ ಎಂದೂ ಕೇಳಲಾರಳು ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಭಾನುವಾರ ಪರೀಕ್ಷಕರ ಸುತ್ತಾಟ ಬಹಳ ಹೊತ್ತು ನಡೆಯಿತು. ಎಲೀಷ ಗ್ರೇ ಎಂಬ ಪ್ರಸಿದ್ಧ ವಿದ್ಯುತ್ ತಜ್ಞನು ತಂತಿಯ ಮೇಲೆ ಸ್ವರಗಳನ್ನು ಕಳುಹಿಸುವ ತನ್ನ ಯಂತ್ರವನ್ನು ತೋರಿಸಿದನು. ಈ ಗ್ರೇ ಸಾಮಾನ್ಯನಲ್ಲ. ಮಾತನ್ನು ತಂತಿಯಲ್ಲಿ ಕಳುಹಿಸುವ ವಿಧಾನವೊಂದನ್ನು ಕುರಿತು ಅವನ ಪತ್ರವೂ ಬೆಲ್‌ನ ಅರ್ಜಿಯೂ ಅಮೆರಿಕದ ಹಕ್ಕುಪತ್ರ ಕಚೇರಿಗೆ ತಲಪಿದ್ದು ಒಂದೇ ದಿನ, 1876ರ ಫೆಬ್ರವರಿ 14ರಂದು. ಯಂತ್ರವಿದ್ಯೆಯಲ್ಲಿ ಅವನ ಅನುಭವ ಬೆಲ್‌ನದಕ್ಕಿಂತ ಬಹು ದೊಡ್ಡದು. ಅವನ ಪ್ರದರ್ಶನವನ್ನು ನೋಡುತ್ತ ನಿಂತ ಬೆಲ್‌ನ ಎದೆ ಹೇಗೆ ಹೊಡೆದುಕೊಂಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಗ್ರೇಯ ಪ್ರದರ್ಶನ ಮುಗಿಯುವ ಹೊತ್ತಿಗೆ ಪರೀಕ್ಷಕರು ಸೆಕೆಯಿಂದ ಬಸವಳಿದಿದ್ದರು. ಇಂದಿಗೆ ಸಾಕು, ಉಳಿದುದನ್ನು ನಾಳೆ ನೋಡೋಣ ಎಂಬ ಮಾತು ಹುಟ್ಟಿತು. ಬೆಲ್‌ಗೆ ನಾಳೆ ಎಂಬುದಿರಲಿಲ್ಲ. ಅಂದೇ ರಾತ್ರಿ ಅವನು ಬಾಸ್ಟನ್ನಿಗೆ ಹೊರಡಬೇಕು. ಮಕ್ಕಳ ಪರೀಕ್ಷೆ ಕಾಯುವುದಿಲ್ಲ. ಅವನಿಲ್ಲದೆ ಆ ಡಬ್ಬಿಯನ್ನು ಮಾತನಾಡಿಸುವವರಾರು? ಯಾವನೋ ಮಾಸ್ತರನ ಸಲುವಾಗಿ ಇನ್ನೊಮ್ಮೆ ಮಹಡಿ ಹತ್ತುವ ಉತ್ಸಾಹ ಯಾರಿಗಿದೆ?

ಆಗ ಗುಂಪಿನಲ್ಲಿದ್ದ ಡಾಂ ಪೆಡ್ರೊ ಚಕ್ರವರ್ತಿಯ ಕಣ್ಣು ಬೆಲ್‌ನ ಮೇಲೆ ಬಿದ್ದಿತು. ಬ್ರೆಜಿಲಿನ ಈ ದೊರೆ ವಿದ್ಯಾಪಕ್ಷಪಾತಿ. ಹಲವು ಭಾಷೆಗಳನ್ನು ಬಲ್ಲವನು. ತನ್ನ ರಾಜಧಾನಿಯಲ್ಲಿ ಕಿವುಡರ ಶಾಲೆಗೆ ಆಶ್ರಯ ಕೊಟ್ಟವನು. ಸ್ವಲ್ಪ ದಿನಗಳ ಹಿಂದೆ ಬಾಸ್ಟನ್ನಿಗೆ ಹೋಗಿದ್ದಾಗ ಅಲ್ಲಿಯ ಕಿವುಡರ ಶಾಲೆಯಲ್ಲಿ ಬೆಲ್‌ನನ್ನು ಕಂಡು ಮಾತನಾಡಿದ್ದನು. ಆ ಗುರುತಿನಿಂದ ಅವನು ಬೆಲ್‌ನ ಹೆಸರು ಹಿಡಿದು ಕರೆದು, ಬಾಸ್ಟನ್ನಿನ ಮಕ್ಕಳೆಲ್ಲ ಕ್ಷೇಮವೇ ಎಂದು ವಿಚಾರಿಸಿದನು. ತಾನು ಅಂದೇ ಹೊರಡಬೇಕಾಗಿದೆ, ತನ್ನ ಉಪಕರಣವನ್ನು ಪರೀಕ್ಷಕರು ನೋಡುವಂತಿಲ್ಲ ಎಂದು ಬೆಲ್ ತಿಳಿಸಿದನು. ಚಕ್ರವರ್ತಿಯು ಅವನ ತೋಳನ್ನು ಹಿಡಿದುಕೊಂಡು ನಡೆಯತೊಡಗಿದನು. ದೊರೆಯೇ ಹೊರಟ ಮೇಲೆ ಪರೀಕ್ಷಕರು ನಿಲ್ಲುವುದುಂಟೆ? ಬೆವರು ಒರೆಸಿಕೊಳ್ಳುತ್ತ ಎಲ್ಲರೂ ಮಹಡಿಯ ಮೆಟ್ಟಿಲುಗಳನ್ನು ಹತ್ತಿದರು. ವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಬುದ್ಧಿಯ ಹೆಸರುಗಳು ಬರುವಷ್ಟು ಸಲ, ಹೀಗೆ ಸಕಾಲದಲ್ಲಿ ತೋಳು ಹಿಡಿದವರ ಹೆಸರುಗಳು ಬರುವುದಿಲ್ಲ.

ಬೆಲ್ ಮೊದಲು ತನ್ನ ತಂತಿ ಯಂತ್ರವನ್ನು ತೋರಿಸಿದನು. ಅನಂತರ, ಮಾತನ್ನು ಕಳುಹಿಸುವ ಈ ಉಪಕರಣವು ಇನ್ನೂ ಗರ್ಭದಲ್ಲಿರುವ ಶಿಶುವಿನಂತೆ, ಪೂರ್ಣವಾಗಿ ಬೆಳೆದದ್ದಲ್ಲ ಎಂದು ಮುಂಚಿತವಾಗಿಯೇ ಅರಿಕೆ ಮಾಡಿಕೊಂಡನು. ಕಬ್ಬಿಣದ ಡಬ್ಬಿ ಮೇಜಿನ ಮೇಲಿತ್ತು. ಮಾತನಾಡುವ ಕೊಳವೆಯನ್ನು ಅಲ್ಲಿಂದ ಬಹು ದೂರದಲ್ಲಿ ಇರಿಸಿ ನಡುವೆ ತಂತಿಯನ್ನು ಎಳೆಯಲಾಗಿತ್ತು. ಕೂಗಿದರೂ ನೇರವಾಗಿ ಕೇಳಿಸದಷ್ಟು ಅಂತರ. ಬೆಲ್ ಎಲ್ಲರನ್ನೂ ಡಬ್ಬಿಯ ಬಳಿ ಬಿಟ್ಟು ತಾನೊಬ್ಬನೇ ಆ ದೂರದ ಸ್ಥಳಕ್ಕೆ ಹೋದನು. ಅಲ್ಲಿಂದ ಅವನಿಗೆ ಪರೀಕ್ಷಕರ ಮುಖಗಳು ಕಾಣುವಂತಿರಲಿಲ್ಲ. ತನ್ನ ಧ್ವನಿ ಮುಟ್ಟುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯದೆ ಒಂದು ಕೊಳವೆಯ ಮುಂದೆ ನಿಂತು ಒಬ್ಬನೇ ಹಾಡಬೇಕು, ಮಾತನಾಡಬೇಕು.

ಡಬ್ಬಿಗೆ ಮೊದಲು ಕಿವಿ ಕೊಟ್ಟವನು ಸರ್ ವಿಲಿಯಂ ಥಾಮ್ಸನ್. ಮುಂದೆ ಕೆಲ್ವಿನ್ ಪ್ರಭು ಎಂದು ಲೋಕವಿಖ್ಯಾತನಾದ ಈತನು ಆ ಕಾಲದ ಭೌತವಿಜ್ಞಾನಿಗಳಲ್ಲಿ ಅಗ್ರಗಣ್ಯ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಹಾಸಿದ ತಂತಿಯ ಮೂಲಕ ಸಂದೇಶಗಳು ಸರಿಯಾಗಿ ಹೋಗುವಂತೆ ಮಾಡಿ 1866ರಲ್ಲಿ ಸರ್ ಪದವಿಯನ್ನು ಪಡೆದವನು. ಮರುದಿನ ಅವನಿಗೆ ಐವತ್ತೆರಡು ವರ್ಷ ತುಂಬುವುದಿತ್ತು. ತಂತಿಯ ಮೇಲೆ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಅವನಷ್ಟು ಬಲ್ಲವರು ಆ ಕಟ್ಟಡದಲ್ಲಿ ಮತ್ತಾರೂ ಇರಲಿಲ್ಲ. ಅವನು ತಲೆ ಬಾಗಿಸಿ ಡಬ್ಬಿಯ ಮುಚ್ಚಳಕ್ಕೆ ಕಿವಿ ಹಚ್ಚಿದನು. ಸುತ್ತಲೂ ನಿಂತವರು ಉಸಿರು ಬಿಗಿಹಿಡಿದು ಅವನ ಮುಖವನ್ನೇ ನೋಡುತ್ತಿದ್ದರು. ಇದು ವಿಚಿತ್ರವಾದ ಪ್ರದರ್ಶನ. ಯಂತ್ರದಲ್ಲಿ ನೋಡುವುದಕ್ಕೆ ಏನೂ ಇಲ್ಲ. ಚಕ್ರ ತಿರುಗುವುದಿಲ್ಲ, ಬೆಂಕಿಯ ಕಿಡಿ ಹಾರುವುದಿಲ್ಲ. ನೋಡಬೇಕಾದದ್ದು ಕೇಳುತ್ತಿರುವವನ ಮುಖವೊಂದನ್ನೇ.

ಆ ಮುಖ ಅರಳಿತು. “ನಾನು ಹೇಳುವುದು ನಿಮಗೆ ತಿಳಿಯುತ್ತಿದೆಯೇ?” ಎಂಬ ಪ್ರಶ್ನೆಯನ್ನು ಡಬ್ಬಿ ಕೇಳಿತ್ತು. ಥಾಮ್ಸನ್ ಆ ಮಾತನ್ನು ಎಲ್ಲರಿಗೂ ಗಟ್ಟಿಯಾಗಿ ಹೇಳಿ, ಬೆಲ್ ಎಲ್ಲಿ, ತಾನು ಅವನನ್ನು ಕಾಣಬೇಕು ಎನ್ನುತ್ತ ಎದ್ದು ಅವನಿದ್ದ ಕಡೆಗೆ ಧಾವಿಸಿದನು.

ಮುಂದೆ ಚಕ್ರವರ್ತಿಯ ಸರದಿ. ಬೆಲ್ ಷೇಕ್ಸ್‌ಪಿಯರ್ ಕವಿಯ ಹ್ಯಾಮ್ಲೆಟ್ ನಾಟಕದಿಂದ ರಾಜಕುಮಾರನ ಪ್ರಸಿದ್ಧವಾದ ಸ್ವಗತವನ್ನು ಹೇಳುತ್ತಿದ್ದನು. ಬದುಕುವುದೋ ಬೇಡವೋ ಎಂದು ತೂಗಾಡುವ ಆ ಮಾತುಗಳನ್ನೇ ಅವನು ಏಕೆ ಆರಿಸಿದನೋ! ಬಾಲ್ಯದಿಂದ ಬಾಯಿಗೆ ಬಂದದ್ದಾದ್ದರಿಂದ ಇರಬಹುದು. ವಾಚನಕಲೆಯನ್ನು ಕಲಿಸುವ ಮನೆತನ ಅವನದು. ಡಾಂ ಪೆಡ್ರೊ ಸ್ವಲ್ಪ ಹೊತ್ತು ಕೇಳಿ, “ಕೇಳಿಸುತ್ತಿದೆ, ಕೇಳಿಸುತ್ತಿದೆ!” ಎಂದು ಉದ್ಗರಿಸಿದನು. ಗಾಂಭೀರ್ಯವೆಲ್ಲವನ್ನೂ ಮರೆತು, ಚಕ್ರವರ್ತಿಗೆ ಒಪ್ಪದ ವೇಗದಲ್ಲಿ ಅವನೂ ಬೆಲ್‌ನ ಬಳಿಗೆ ಓಡಿದನು. “ದೇವರೇ, ಇದು ಮಾತನಾಡುತ್ತದೆ!” ಎಂದು ಅವನು ಕೂಗಿದನೆಂಬ ಕಥೆ ಅನೇಕ ಪುಸ್ತಕಗಳಲ್ಲಿದೆ. ಅದು ಮುಂದೆ ಜನರು ಕಟ್ಟಿದ ಮಾತಿರಬೇಕು. ಓಡಿದ್ದು ಮಾತ್ರ ನಿಜ.

ಎಲೀಷ ಗ್ರೇಯೂ ಅಲ್ಲಿಯೇ ಇದ್ದನು. ತನ್ನದೇ ಆಗಬಹುದಾಗಿದ್ದ ಶೋಧವನ್ನು ಪ್ರತಿಸ್ಪರ್ಧಿಯ ಬಾಯಿಯಿಂದ ಕೇಳುವ ಪ್ರಸಂಗ ಅವನಿಗೆ ಬಂದಿತ್ತು. ಅವನು ಕಿವಿ ಹಚ್ಚಿದಾಗ ಮೊದಲು ಎಲ್ಲಿಂದಲೋ ಬರುವ ಕ್ಷೀಣವಾದ, ಭೂತದ ದನಿಯಂತಹ ರಣಿತ ಮಾತ್ರ ಕೇಳಿಸಿತು. ಅವನು ಕಿವಿಯನ್ನು ಇನ್ನೂ ಒತ್ತಿ ಹಿಡಿದನು. ರಣಿತದೊಳಗಿಂದ ಮೆಲ್ಲಮೆಲ್ಲನೆ ಮಾತು ಬಿಡಿಸಿಕೊಂಡಿತು. ಸ್ವಗತದ ಒಂದು ತುಣುಕನ್ನು ಅವನು ಸುತ್ತಲಿನವರಿಗೆ ತಿರುಗಿ ಹೇಳಿದಾಗ ಎಲ್ಲರೂ ಹರ್ಷಧ್ವನಿ ಮಾಡಿದರು. ಕೇಳಿಸಲಿಲ್ಲ ಎಂದು ಅವನು ಹೇಳಿದ್ದರೆ ಅಲ್ಲಗಳೆಯುವವರು ಯಾರಿದ್ದರು? ಅವನು ಹಾಗೆ ಹೇಳಲಿಲ್ಲ. ಗ್ರೇಗೆ ನ್ಯಾಯ ದೊರೆಯಿತೇ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಆದರೆ ಆ ದಿನದ ಸತ್ಯವನ್ನು ಅವನು ಮರೆಮಾಡಲಿಲ್ಲವೆಂಬುದು ಅವನಿಗೆ ಸಲ್ಲಬೇಕಾದ ಗೌರವ. ಒಂದು ವರ್ಷದ ಹಿಂದೆ ಬೆಲ್‌ನನ್ನು ಗದರಿಸಿದ್ದ ಜೋಸೆಫ್ ಹೆನ್ರಿಯೂ ಪರೀಕ್ಷಕರಲ್ಲಿ ಒಬ್ಬನಾಗಿದ್ದನು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ವಿಜ್ಞಾನಿಗಳ ಸಭೆ ಸೇರಿತು. ಅಲ್ಲಿ ಥಾಮ್ಸನ್ ತಾನು ಕಿವಿಯಾರೆ ಕೇಳಿದುದನ್ನು ವಿವರಿಸಿ, ತಂತಿವಿದ್ಯೆಯ ಅದ್ಭುತಗಳಲ್ಲೆಲ್ಲ ಇದೇ ಅತ್ಯಂತ ದೊಡ್ಡದೆಂದು ಸಾರಿದನು. ಅವನ ಈ ಮಾತಿನಿಂದ ಬೆಲ್‌ನ ಹೆಸರು ಯೂರೋಪಿನಲ್ಲೆಲ್ಲ ಹರಡಿತು. ಹೆಸರಿನ ಹಿಂದೆಯೇ ವ್ಯಾಜ್ಯಗಳೂ ಬಂದುವು. ಜರ್ಮನಿಯ ಫಿಲಿಪ್ ರೈಸ್ ಎಂಬ ಉಪಾಧ್ಯಾಯನು 1861ರಲ್ಲಿಯೇ ತಂತಿಯ ಮೇಲೆ ಸಂಗೀತದ ಸ್ವರಗಳನ್ನು ಕಳುಹಿಸಿದ್ದನು. ಇಟಲಿಯಿಂದ ಬಂದ ಆಂಟೋನಿಯೊ ಮೆಯುಚ್ಚಿ ಎಂಬ ಬಡ ಉಪಜ್ಞೆಗಾರನು 1871ರಲ್ಲಿ ತನ್ನ ಶೋಧದ ಪತ್ರವನ್ನು ಕಚೇರಿಗೆ ಸಲ್ಲಿಸಿದ್ದನು. ಒಂದು ದೊಡ್ಡ ಶೋಧದ ಹಿಂದೆ ಹಲವರ ಬೆವರು ಇರುತ್ತದೆ. ಕಾನೂನು ಮಾತ್ರ ಒಂದು ಹೆಸರನ್ನು ಬರೆದುಕೊಳ್ಳುತ್ತದೆ. 1888ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೆಲ್‌ನ ಹಕ್ಕನ್ನು ಎತ್ತಿಹಿಡಿಯಿತು.

ಹೊಸ ಯಂತ್ರ ಸಮುದ್ರ ದಾಟಲು ಹೆಚ್ಚು ಕಾಲ ಬೇಕಾಗಲಿಲ್ಲ. ಫಿಲಡೆಲ್ಫಿಯಾದ ಆ ಭಾನುವಾರ ಕಳೆದು ಆರು ವರ್ಷ ತುಂಬುವ ಮೊದಲೇ, 1882ರ ಜನವರಿಯಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸು ನಗರಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದುವು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ ಸ್ಥಾಪಿತವಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ದೇಶದ ಅಂಚೆಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ದಶಕಗಳ ಕಾಲ ಗಣಗಣಿಸಿದ ಕಪ್ಪು ದೂರವಾಣಿಗಳೆಷ್ಟೋ ಕನ್ನಡನಾಡಿನ ಈ ಕಾರ್ಖಾನೆಯಲ್ಲಿ ತಯಾರಾದವು. ಇಂದು ಜೇಬಿನಲ್ಲಿ ಹಿಡಿಸುವ ಉಪಕರಣಗಳಲ್ಲಿ ತಂತಿಯೇ ಇಲ್ಲ. ಆದರೂ ಅವುಗಳ ಒಳಗೆ ಮಾತಿಗೆ ತಕ್ಕಂತೆ ನಡುಗುವ ಪೊರೆಯೊಂದು ಇದ್ದೇ ಇದೆ.

ಜೂನ್ 25ರ ಆ ಸಂಜೆ ಪರೀಕ್ಷಕರ ದಣಿವು ಎಲ್ಲಿ ಹೋಯಿತೋ! ಒಬ್ಬರಾದ ಮೇಲೊಬ್ಬರು ಡಬ್ಬಿಗೆ ಕಿವಿ ಕೊಡುತ್ತ, ಮತ್ತೆ ಮತ್ತೆ ಕೇಳುತ್ತ ಅಲ್ಲಿಯೇ ನಿಂತರು. ಬೆಲ್ ಅವರ ಜೊತೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಉಪಕರಣಗಳನ್ನು ಹಬ್ಬರ್ಡ್ ಮನೆತನದ ಯುವಕನೊಬ್ಬನ ವಶಕ್ಕೆ ಕೊಟ್ಟು, ಮಕ್ಕಳ ಪರೀಕ್ಷೆಗಾಗಿ ಬಾಸ್ಟನ್ನಿನ ಗಾಡಿ ಹಿಡಿದನು. ಅವನು ಹೋದ ಮೇಲೆಯೂ ಥಾಮ್ಸನ್ ಪರೀಕ್ಷೆಗಳನ್ನು ಮುಂದುವರಿಸಿದನು. ಬಾಸ್ಟನ್ನಿನ ಬಳಿಯ ಕೇಂಬ್ರಿಜ್‌ನಲ್ಲಿ ಮೇಬೆಲ್ ಇದ್ದಳು. ಅಂದಿನ ಸಮಾಚಾರವನ್ನು ಯಾವ ಡಬ್ಬಿಯೂ ಅವಳಿಗೆ ಹೇಳುವಂತಿರಲಿಲ್ಲ. ಬೆಲ್ ಎದುರಿಗೆ ಬಂದು ನಿಂತು ನಿಧಾನವಾಗಿ ಹೇಳಬೇಕು; ಅವಳು ಅವನ ತುಟಿಗಳನ್ನು ನೋಡಿ ತಿಳಿದುಕೊಳ್ಳಬೇಕು.